ಹೂವಿನ ಹುಡುಗಿ ನಕ್ಕಿದ್ದೇಕೆ?

ಓದುಗರ ಪ್ರಶ್ನೆ, ಚಿತ್ರ ಸಂಕಲನಕಾರನ ಉತ್ತರ

ಕಣ್ಣೀರು ತರಿಸಿಯೂ ಮೋಸ ಮಾಡಿತೆನಿಸದ ಒಂದು ಸಿನಿಮಾ ಹೇಳಿ ಎಂದು ಹಿಂದಿನ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಚಾರ್ಲಿ ಚಾಪ್ಲಿನ್‌ನ ‘ಸಿಟಿ ಲೈಟ್ಸ್’ ಎಂದು ಒಂದೇ ಸಾಲಿನಲ್ಲಿ ಉತ್ತರಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅದಕ್ಕೆ ಬಂದ ಪತ್ರಗಳು ಈ ಸಲದ ಪುಟಗಳನ್ನೆಲ್ಲ ನುಂಗಿಹಾಕಿವೆ. ಬೇರೆ ಚಿತ್ರಗಳ ಬಗ್ಗೆ ಕೇಳಿದವರು ಒಂದು ಸಂಚಿಕೆ ತಾಳಿಕೊಳ್ಳಬೇಕು.

ಚಿತ್ರ ನೋಡದವರಿಗಾಗಿ ಕಥೆ ಇಷ್ಟು. ಕಣ್ಣು ಕಾಣದ ಹುಡುಗಿಯೊಬ್ಬಳು ಬೀದಿಬದಿಯಲ್ಲಿ ಹೂ ಮಾರುತ್ತಾಳೆ. ಅಜ್ಜಿಯೊಂದಿಗೆ ಬಾಡಿಗೆ ಮನೆಯಲ್ಲಿ ವಾಸ. ನೆಲೆಯಿಲ್ಲದ ಅಲೆಮಾರಿಯೊಬ್ಬನನ್ನು ಅವಳು ದೊಡ್ಡ ಶ್ರೀಮಂತನೆಂದು ತಿಳಿಯುತ್ತಾಳೆ, ಅವನು ಅದನ್ನು ತಿದ್ದಲು ಹೋಗುವುದಿಲ್ಲ. ಕುಡಿದಾಗ ಅವನನ್ನು ಜೀವದ ಗೆಳೆಯನೆಂದು ತಬ್ಬಿಕೊಂಡು, ಅಮಲು ಇಳಿದೊಡನೆ ಮನೆಯಿಂದ ಹೊರಗೆ ತಳ್ಳಿಸುವ ಒಬ್ಬ ಕೋಟ್ಯಧೀಶನಿದ್ದಾನೆ. ಅವನಿಂದ ಸಿಕ್ಕ ಸಾವಿರ ಡಾಲರನ್ನು ಅಲೆಮಾರಿ ಹುಡುಗಿಯ ಬಾಡಿಗೆಗೂ ಕಣ್ಣಿನ ಚಿಕಿತ್ಸೆಗೂ ಕೊಟ್ಟು, ತಾನು ಕಳ್ಳನೆನಿಸಿಕೊಂಡು ಜೈಲಿಗೆ ಹೋಗುತ್ತಾನೆ. ಬಿಡುಗಡೆಯಾಗಿ ಬರುವ ಹೊತ್ತಿಗೆ ಅವಳಿಗೆ ಕಣ್ಣು ಬಂದಿದೆ, ಸ್ವಂತ ಹೂವಿನ ಅಂಗಡಿಯೂ ಆಗಿದೆ. ಅವನ ಮುಖ ಮಾತ್ರ ಅವಳಿಗೆ ಗೊತ್ತಿಲ್ಲ.

ಮನೆಯವರೆಲ್ಲ ಕೂತು ನೋಡಿದೆವು. ಕೊನೆಯಲ್ಲಿ ಆ ಹುಡುಗಿ ಅಂಗಡಿಯೊಳಗೆ ಕೂತು ಅವನನ್ನು ನೋಡಿ ನಗುತ್ತಾಳಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಅಷ್ಟು ಒಳ್ಳೆಯ ಹುಡುಗಿಯ ಕೈಯಲ್ಲಿ ಚಾಪ್ಲಿನ್ ಇಂಥ ಕೆಲಸ ಮಾಡಿಸಬೇಕಿತ್ತೇ? (ಒಬ್ಬ ಗೃಹಿಣಿ)

ಮಾಡಿಸಲೇಬೇಕಿತ್ತು, ತಾಯಿ. ಆ ನಗುವನ್ನು ತೆಗೆದರೆ ಚಿತ್ರವೇ ಇಲ್ಲ.

ಬಡ ಹುಡುಗಿ ಬದಲಾದಳು ಎಂದು ತೋರಿಸಲು ಸಿನಿಮಾದವರಿಗೆ ಒಂದು ಸಿದ್ಧ ದಾರಿಯಿದೆ. ಅವಳಿಗೆ ಒಳ್ಳೆಯ ಬಟ್ಟೆ ತೊಡಿಸಿ, ತಲೆ ಬಾಚಿಸಿ, ಮೆಟ್ಟಿಲಿನ ಮೇಲಿಂದ ಇಳಿಸುತ್ತಾರೆ; ಕೆಳಗೆ ನಿಂತವರು ಒಬ್ಬೊಬ್ಬರಾಗಿ ಬಾಯಿ ತೆರೆಯುತ್ತಾರೆ. ಅಂಥ ಮೆಟ್ಟಿಲುಗಳನ್ನು ನಾನೇ ಸಾಕಷ್ಟು ಕತ್ತರಿಸಿ ಅಂಟಿಸಿದ್ದೇನೆ. ಪಾದ, ಸೆರಗು, ಮುಖ, ನಾಯಕನ ಕ್ಲೋಸ್‌ಅಪ್, ಮತ್ತೆ ಮುಖ. ಕಣ್ಣು ಮುಚ್ಚಿಕೊಂಡು ಜೋಡಿಸಬಹುದು. ‘ಸಿಟಿ ಲೈಟ್ಸ್’ನಲ್ಲಿಯೂ ಹುಡುಗಿಯ ಉಡುಪು ಚೆನ್ನಾಗಿದೆ, ಅಂಗಡಿಯಲ್ಲಿ ಕನ್ನಡಿಯಿದೆ, ಕೈಕೆಳಗೆ ಕೆಲಸದವರಿದ್ದಾರೆ. ಆದರೆ ಅವಳು ನಿಜವಾಗಿ ಎಷ್ಟು ಬದಲಾಗಿದ್ದಾಳೆ ಎಂದು ಗೊತ್ತಾಗುವುದು ಆ ನಗುವಿನಿಂದಲೇ.

ದೃಶ್ಯವನ್ನು ನಿಧಾನವಾಗಿ ಮತ್ತೊಮ್ಮೆ ನೋಡಿ. ಜೈಲಿನಿಂದ ಬಂದವನ ಕೈಯಲ್ಲಿ ಬೆತ್ತವಿಲ್ಲ. ಪ್ಯಾಂಟು ಹರಿದಿದೆ. ಪತ್ರಿಕೆ ಮಾರುವ ಹುಡುಗರು ಕೊಳವೆಯಿಂದ ಕಾಳು ಊದಿ ಅವನನ್ನು ಪೀಡಿಸುತ್ತಾರೆ, ಪ್ಯಾಂಟಿನ ಹರುಕಿನಿಂದ ಇಣುಕುವ ಬಟ್ಟೆಯನ್ನು ಎಳೆಯುತ್ತಾರೆ. ಅವನು ಚರಂಡಿಯ ಬದಿಯಲ್ಲಿ ಬಿದ್ದ ಒಂದು ಹೂವನ್ನು ಬಗ್ಗಿ ಎತ್ತಿಕೊಳ್ಳುತ್ತಾನೆ. ಗಾಜಿನ ಆಚೆ ಕೂತ ಹುಡುಗಿಗೆ ಇದು ಬಿಟ್ಟಿ ತಮಾಷೆ. ಅವನು ತಿರುಗಿ ಅವಳನ್ನು ಕಂಡು, ಮೈಮರೆತು ನಿಂತಾಗ ‘ನೋಡು, ನನಗೊಬ್ಬ ಅಭಿಮಾನಿ ಸಿಕ್ಕ’ ಎಂಬರ್ಥದ ಮಾತನ್ನು ಹೇಳಿ ಇನ್ನಷ್ಟು ನಗುತ್ತಾಳೆ. ಆಮೇಲೆ ಕನಿಕರ ಹುಟ್ಟಿ, ಒಂದು ಹೊಸ ಹೂವನ್ನೂ ಒಂದು ನಾಣ್ಯವನ್ನೂ ಹಿಡಿದು ಬಾಗಿಲಿಗೆ ಬರುತ್ತಾಳೆ.

ನಾಣ್ಯವನ್ನು ಗಮನಿಸಿ. ಚಿತ್ರದ ಮೊದಲ ಭೇಟಿಯಲ್ಲಿ ನಾಣ್ಯ ಅವನ ಕೈಯಿಂದ ಅವಳ ಕೈಗೆ ಹೋಗಿತ್ತು. ಈಗ ಅವಳ ಕೈಯಿಂದ ಅವನ ಕೈಗೆ ಬರುತ್ತಿದೆ. ಒಂದು ಕಾಲಕ್ಕೆ ಯಾರಾದರೂ ಕೊಂಡಾರೇ ಎಂದು ಹೂ ಹಿಡಿದು ಕಾಯುತ್ತಿದ್ದವಳು ಈಗ ಸುಮ್ಮನೆ ಕೊಟ್ಟುಬಿಡಬಲ್ಲಳು. ಕನಿಕರ ತೋರಿಸುವುದಕ್ಕೂ ಒಂದು ಅಂತಸ್ತು ಬೇಕು. ಅದು ಅವಳಿಗೆ ಬಂದಿದೆ. ಅವಳು ಕೆಟ್ಟವಳಾಗಿಲ್ಲ. ಅಂಗಡಿಯ ಗಾಜಿನ ಒಳಗಿರುವವರು ಹೊರಗಿನವರನ್ನು ನೋಡುವ ಹಾಗೆ ನೋಡಲು ಕಲಿತಿದ್ದಾಳೆ, ಅಷ್ಟೇ.

ಇನ್ನೊಂದು ಮಾತು. ಆ ಊರಿನಲ್ಲಿ ಅಲೆಮಾರಿಯನ್ನು ನೋಡಿ ನಗದವರು, ಗದರಿಸದವರು ಯಾರಿದ್ದರು? ಪೊಲೀಸರು ಓಡಿಸುತ್ತಾರೆ, ಬಟ್ಲರ್ ತಳ್ಳುತ್ತಾನೆ, ಹುಡುಗರು ಅಣಕಿಸುತ್ತಾರೆ. ಅವನು ಗೌರವಸ್ಥನಾಗಿ ಕೂತದ್ದು ಹುಡುಗಿಯ ಮನೆಯಲ್ಲಿ ಮಾತ್ರ. ಅಲ್ಲಿ ಅವನ ಹರಕು ಕೋಟು ಯಾರಿಗೂ ಕಾಣುತ್ತಿರಲಿಲ್ಲ. ಚಿಕಿತ್ಸೆಗೆ ಹಣ ಕೊಟ್ಟ ದಿನವೇ ಆ ಆಸರೆಯನ್ನು ಅವನು ಕೈಯಾರೆ ಕಳೆದುಕೊಂಡ. ತನ್ನನ್ನು ನೋಡಿ ನಗುವ ಶಕ್ತಿಯನ್ನು ಅವಳಿಗೆ ಕೊಡಿಸಿದವನು ಅವನೇ. ಅದಕ್ಕಾಗಿ ಜೈಲಿನಲ್ಲಿ ಕೂತು ಬಂದವನೂ ಅವನೇ. ನಿಮಗೆ ಬಂದ ಸಿಟ್ಟು ಸರಿಯಾದದ್ದು. ಚಾಪ್ಲಿನ್ ಅದನ್ನು ಬೇಕೆಂದೇ ಬರಿಸಿದ್ದಾನೆ.

ಅವಳು ಅವನನ್ನು ಶ್ರೀಮಂತನೆಂದು ಹೇಗೆ ತಿಳಿದಳು? ನನ್ನ ಮಗಳು ಕೇಳಿದಳು, ಹೇಳಲಾಗಲಿಲ್ಲ. (ಬ್ಯಾಂಕ್ ಉದ್ಯೋಗಿ)

ಕಾರಿನ ಬಾಗಿಲಿನಿಂದ. ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿವೆ. ಎದುರಿಗೆ ಪೊಲೀಸ್ ಕಂಡದ್ದರಿಂದ ಅಲೆಮಾರಿ ಪಕ್ಕದಲ್ಲಿ ನಿಂತಿದ್ದ ಒಂದು ದೊಡ್ಡ ಕಾರಿನೊಳಗೆ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಪಾದಚಾರಿ ದಾರಿಗೆ ಇಳಿಯುತ್ತಾನೆ. ಬಾಗಿಲು ದಡ್ಡನೆ ಮುಚ್ಚುತ್ತದೆ. ಅಲ್ಲೇ ಕೂತ ಹುಡುಗಿ ಆ ಸದ್ದು ಕೇಳಿ, ಕಾರಿನಿಂದ ಇಳಿದ ಸಾಹೇಬರೆಂದುಕೊಂಡು ಹೂ ಚಾಚುತ್ತಾಳೆ. ಅವನು ನಾಣ್ಯ ಕೊಟ್ಟು ಚಿಲ್ಲರೆಗೆ ಕಾಯುತ್ತಿರುವಾಗ ನಿಜವಾದ ಸಾಹೇಬನೊಬ್ಬ ಬಂದು ಕಾರು ಹತ್ತುತ್ತಾನೆ. ಮತ್ತೆ ಬಾಗಿಲಿನ ಸದ್ದು, ಕಾರು ಹೊರಡುತ್ತದೆ. ಚಿಲ್ಲರೆ ತೆಗೆದುಕೊಳ್ಳದೆ ಹೋದರಲ್ಲ ಎಂದು ಅವಳು ಕೂಗುತ್ತಾಳೆ. ಎದುರಿಗೇ ನಿಂತ ಅಲೆಮಾರಿ ತುದಿಗಾಲಿನಲ್ಲಿ ಸರಿದುಹೋಗುತ್ತಾನೆ. ತಾನು ಅಲ್ಲಿದ್ದೇನೆಂದು ಗೊತ್ತಾದರೆ ಅವಳ ಸಾಹೇಬ ಮಾಯವಾಗುತ್ತಾನಲ್ಲ!

ಇದರ ಸೊಗಸು ಎಲ್ಲಿದೆ ಎಂದರೆ, ಮೂಕಿ ಚಿತ್ರವೊಂದರ ಅತಿ ಮುಖ್ಯವಾದ ತಿರುವು ಒಂದು ಸದ್ದಿನ ಮೇಲೆ ನಿಂತಿದೆ, ಆ ಸದ್ದು ನಮಗೆ ಕೇಳಿಸುವುದೇ ಇಲ್ಲ. ಬಾಗಿಲು ಮುಚ್ಚುವುದನ್ನು ನಾವು ಕಣ್ಣಿನಿಂದ ನೋಡುತ್ತೇವೆ, ಅವಳು ಕಿವಿಯಿಂದ ಕೇಳುತ್ತಾಳೆ, ಎರಡೂ ಒಂದೇ ಕ್ಷಣದಲ್ಲಿ. ಟಾಕಿಗಳು ಮನೆಮನೆಯ ಮಾತಾಗಿದ್ದ ಕಾಲದಲ್ಲಿ ಇದನ್ನು ಮಾಡಿದ ಧೈರ್ಯ ನೋಡಿ.

ಆ ಒಂದು ದೃಶ್ಯಕ್ಕೆ 342 ಟೇಕ್ ತೆಗೆದರಂತೆ. ನಂಬಬಹುದೇ? (ಇಂಜಿನಿಯರಿಂಗ್ ವಿದ್ಯಾರ್ಥಿ)

342 ಎಂಬ ಸಂಖ್ಯೆ ದಾಖಲೆ ಪುಸ್ತಕದಲ್ಲಿಯೂ ಸೇರಿದೆ. ಎಣಿಸಿದವನು ನಾನಲ್ಲ. ಆದರೆ ಚಾಪ್ಲಿನ್ ಈ ಭೇಟಿಯ ಸುತ್ತ ಸುತ್ತಿ ಸುತ್ತಿ ಸೋತದ್ದಂತೂ ನಿಜ. 1928ರ ಕೊನೆಯಲ್ಲಿ ಚಿತ್ರೀಕರಣ ಶುರು ಮಾಡಿದವನು ಚಿತ್ರವನ್ನು ತೆರೆಗೆ ತಂದದ್ದು 1931ರ ಜನವರಿ ಕೊನೆಯಲ್ಲಿ. ಸ್ಟುಡಿಯೋ ಅವನದೇ, ದುಡ್ಡೂ ಅವನದೇ. ಬೇರೆ ನಿರ್ಮಾಪಕನಿದ್ದಿದ್ದರೆ ಮೊದಲ ತಿಂಗಳಲ್ಲೇ ಸೆಟ್ ಕಿತ್ತುಹಾಕಿಸುತ್ತಿದ್ದ. ಆಗ ಸೆಟ್‌ಗೆ ಬಂದ ಸ್ನೇಹಿತನೊಬ್ಬ ತನ್ನ ಪುಟ್ಟ ಕ್ಯಾಮೆರಾದಲ್ಲಿ ಹಿಡಿದ ತುಣುಕುಗಳಿವೆ; ಚಾಪ್ಲಿನ್ ಅಲೆಮಾರಿಯ ವೇಷದಲ್ಲೇ ಹುಡುಗಿಗೆ ಹೂ ಹಿಡಿಯುವುದನ್ನು ತೋರಿಸಿಕೊಡುತ್ತಿರುವುದು ಅದರಲ್ಲಿದೆ.

ಅಷ್ಟೊಂದು ಟೇಕ್ ಯಾಕೆ ಬೇಕಾಯಿತು ಎಂಬುದು ನನ್ನಂಥವನಿಗೆ ಅರ್ಥವಾಗುತ್ತದೆ. ನಟನೆ ಸರಿಯಿಲ್ಲವೆಂದು ಮಾತ್ರ ಅಲ್ಲ. ಕುರುಡಿಯೊಬ್ಬಳು ಭಿಕಾರಿಯನ್ನು ಶ್ರೀಮಂತನೆಂದು ನಂಬುವುದು ಹೇಗೆ ಎಂಬ ಗಂಟು ಬಿಡಿಸದೆ ಕಥೆ ಮುಂದಕ್ಕೆ ಹೋಗುವಂತಿರಲಿಲ್ಲ. ಒಂದು ಸಂಭಾಷಣೆ ಬರೆದಿದ್ದರೆ ಅರ್ಧ ದಿನದ ಕೆಲಸ. ಮಾತಿಲ್ಲದೆ ಅದನ್ನು ನೋಡುಗನಿಗೆ ಮುಟ್ಟಿಸಬೇಕಿತ್ತು. ಕೊನೆಗೆ ಕಾರಿನ ಬಾಗಿಲು ಸಿಕ್ಕಿತು.

ನಾಯಕಿಯಾಗಿ ನಟಿಸಿದವಳು ಯಾರು? ಚಾಪ್ಲಿನ್‌ಗೂ ಅವಳಿಗೂ ಪ್ರೇಮವಿತ್ತೇ?

ವರ್ಜೀನಿಯಾ ಚೆರಿಲ್. ಪ್ರೇಮವಿರಲಿಲ್ಲ, ಸ್ನೇಹವೂ ಅಷ್ಟಕ್ಕಷ್ಟೇ. ನಟನೆಯ ಅನುಭವವಿಲ್ಲದ, ಇಪ್ಪತ್ತರ ಆಸುಪಾಸಿನ ಹುಡುಗಿ. ಬಾಕ್ಸಿಂಗ್ ಪಂದ್ಯ ನೋಡಲು ಹೋದಾಗ ಚಾಪ್ಲಿನ್ ಕಣ್ಣಿಗೆ ಬಿದ್ದವಳು. ದೃಷ್ಟಿದೋಷವಿದ್ದದ್ದರಿಂದ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಆ ನೋಟ ಪಾತ್ರಕ್ಕೆ ಒದಗಿಬಂತು. ನಡುವೆ ಒಮ್ಮೆ ಚಾಪ್ಲಿನ್ ಸಿಟ್ಟಾಗಿ ಅವಳನ್ನು ತೆಗೆದುಹಾಕಿ, ‘ಗೋಲ್ಡ್ ರಷ್’ನಲ್ಲಿ ತನ್ನ ಜೊತೆ ನಟಿಸಿದ್ದ ಜಾರ್ಜಿಯಾ ಹೇಲ್‌ಳಿಂದ ಕೊನೆಯ ದೃಶ್ಯ ಮಾಡಿಸಿ ನೋಡಿದ. ಸರಿಹೋಗಲಿಲ್ಲ. ಹಿಂದಕ್ಕೆ ಕರೆದಾಗ ಚೆರಿಲ್ ದುಪ್ಪಟ್ಟು ಸಂಬಳ ಕೇಳಿದಳು, ಕೊಡಬೇಕಾಯಿತು. ಈ ಚಿತ್ರದ ಸುತ್ತ ನನಗೆ ಬಹಳ ಇಷ್ಟವಾದ ಪ್ರಸಂಗಗಳಲ್ಲಿ ಇದೂ ಒಂದು.

ನನಗೆ ಹುಟ್ಟಿನಿಂದ ಕಣ್ಣಿಲ್ಲ. ತಂಗಿ ಪಕ್ಕದಲ್ಲಿ ಕೂತು ಪ್ರತಿ ದೃಶ್ಯವನ್ನೂ ಹೇಳುತ್ತ ಹೋದಳು. ಕಣ್ಣು ಬಂದ ಮೇಲೆಯೇ ಬದುಕು ಎನ್ನುವ ಸಿನಿಮಾದವರ ಬುದ್ಧಿ ನನಗೆ ಸಾಕಾಗಿದೆ. ನಿಮ್ಮ ಚಾಪ್ಲಿನ್ ಕೂಡ ಅದನ್ನೇ ಹೇಳುವುದಲ್ಲವೇ? (ಸಂಗೀತ ಶಿಕ್ಷಕ)

ಅರ್ಧಕ್ಕಿಂತ ಹೆಚ್ಚು ನೀವು ಹೇಳಿದ್ದೇ ಸರಿ. ಕಣ್ಣಿಲ್ಲದವಳನ್ನು ಮುಗ್ಧೆಯನ್ನಾಗಿಯೇ ತೋರಿಸಬೇಕು, ಅವಳಿಗೆ ಬೇಕಾದುದನ್ನು ಇನ್ನೊಬ್ಬ ತಂದುಕೊಡಬೇಕು, ಕೊನೆಗೆ ಡಾಕ್ಟರ್ ಬಂದು ಎಲ್ಲ ಸರಿಮಾಡಬೇಕು ಎಂಬ ಹಳೆಯ ಚಾಳಿ ಇಲ್ಲಿಯೂ ಇದೆ. ವಿಯೆನ್ನಾದ ವೈದ್ಯನೊಬ್ಬ ಕುರುಡು ವಾಸಿಮಾಡುತ್ತಾನೆಂದು ಪತ್ರಿಕೆಯಲ್ಲಿ ಬರುತ್ತದೆ, ಮುಂದಿನ ಸಲ ನೋಡಿದಾಗ ಅವಳು ಕನ್ನಡಿಯ ಮುಂದಿದ್ದಾಳೆ. ಶಸ್ತ್ರಚಿಕಿತ್ಸೆ, ನೋವು, ಹೊಸದಾಗಿ ಕಂಡ ಜಗತ್ತಿನ ಗೊಂದಲ ಯಾವುದೂ ಇಲ್ಲ. ಹುಟ್ಟಿನಿಂದ ಕಾಣದೆ ದೊಡ್ಡವರಾದ ಮೇಲೆ ದೃಷ್ಟಿ ಪಡೆದವರಿಗೆ ಕಣ್ಣಿಗೆ ಬಿದ್ದದ್ದು ಏನೆಂದು ತಿಳಿಯಲು ಬಹಳ ಕಾಲ ಬೇಕಾಗುತ್ತದೆ, ಮುಟ್ಟಿ ನೋಡಿದರೇ ಖಾತ್ರಿ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ಹುಡುಗಿ ಯಾವಾಗಿನಿಂದ ಕುರುಡಿ ಎಂಬುದನ್ನೇ ಚಿತ್ರ ಹೇಳುವುದಿಲ್ಲ.

ಆದರೂ ಚಾಪ್ಲಿನ್ ಪರವಾಗಿ ಎರಡು ಮಾತು ಹೇಳುತ್ತೇನೆ. ಪಾತ್ರಕ್ಕಾಗಿ ಬಂದ ಎಷ್ಟೋ ನಟಿಯರು ಕುರುಡಿಯೆಂದು ತೋರಿಸಲು ಕಣ್ಣಿನ ಬಿಳಿಗುಡ್ಡೆ ಕಾಣುವಂತೆ ಮೇಲಕ್ಕೆ ನೋಡುತ್ತಿದ್ದರಂತೆ, ಅದು ತನಗೆ ಸಂಕಟ ತಂದಿತೆಂದು ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಂಥ ಅಭಿನಯ ಅವನು ಮಾಡಿಸಲಿಲ್ಲ. ಚೆರಿಲ್‌ಳ ಹುಡುಗಿ ಹೂ ಕಟ್ಟುತ್ತಾಳೆ, ಕಾಸು ಎಣಿಸುತ್ತಾಳೆ, ಗಿಡಕ್ಕೆ ನೀರು ಹಾಕುತ್ತಾಳೆ, ದುಡಿದು ತಿನ್ನುತ್ತಾಳೆ.

ಎರಡನೆಯದು ದೊಡ್ಡದು. ಕಣ್ಣು ಬಂದ ಮೇಲೆ ಅವಳಿಗೆ ಅವನ ಗುರುತು ಸಿಕ್ಕಲಿಲ್ಲ. ಅವನ ಮುಖಕ್ಕೇ ನೇರವಾಗಿ ನೋಡಿ ನಕ್ಕಳು. ಗುರುತು ಸಿಕ್ಕಿದ್ದು ನಾಣ್ಯ ಕೊಡಲು ಅವನ ಕೈ ಹಿಡಿದಾಗ. ಬೆರಳುಗಳು ಅಂಗೈಯ ಮೇಲೆ ಸರಿದು ನಿಲ್ಲುತ್ತವೆ, ಕೋಟಿನ ತೋಳಿನ ಮೇಲೆ ಹೋಗುತ್ತವೆ, ಅವಳ ಮುಖದ ನಗು ಇಳಿಯುತ್ತದೆ. ಕಣ್ಣು ಅವಳನ್ನು ದಾರಿ ತಪ್ಪಿಸಿತ್ತು, ಕೈ ಸರಿಪಡಿಸಿತು. ನಿಮ್ಮ ತಂಗಿ ಆ ಹೊತ್ತಿನಲ್ಲಿ ಏನು ವರ್ಣಿಸಿದರೋ ನನಗೆ ತಿಳಿಯದು. ಅಲ್ಲಿ ಕಣ್ಣಿನ ಕೆಲಸ ಬಹಳ ಕಡಿಮೆ ಎಂಬುದನ್ನು ಅವರು ಹೇಳಿದ್ದರೆ ನಿಮ್ಮ ಸಿಟ್ಟು ತುಸು ಇಳಿಯುತ್ತಿತ್ತೇನೋ. ಇಳಿಯದಿದ್ದರೂ ತಪ್ಪಿಲ್ಲ.

ಹೂ ಮಾರುವ ಬಡ ಹುಡುಗಿಯನ್ನು ಒಬ್ಬ ಗಂಡಸು ಮೇಲಕ್ಕೆತ್ತುವ ಕಥೆ ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’ನಲ್ಲಿಯೂ ಇದೆ. ಚಾಪ್ಲಿನ್ ಅಲ್ಲಿಂದ ಎತ್ತಿದನೇ? (ಇಂಗ್ಲಿಷ್ ಅಧ್ಯಾಪಕಿ)

ಎತ್ತಿದನೆಂದು ಹೇಳಲು ಆಧಾರವಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸ್ವಾರಸ್ಯವಿದೆ. ಷಾನ ನಾಟಕ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ. ಅದರ ಎಲೈಜಾಳ ಆಸೆ ರಾಣಿಯಾಗುವುದಲ್ಲ. ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಮೂಲೆಯಲ್ಲಿ ನಿಂತು ಮಾರುವುದನ್ನು ಬಿಟ್ಟು ಹೂವಿನ ಅಂಗಡಿಯೊಳಗೆ ಕೆಲಸ ಮಾಡಬೇಕು ಎಂಬುದು. ಭಾಷೆ ಸುಧಾರಿಸದೆ ಅಂಗಡಿಯವರು ಸೇರಿಸಿಕೊಳ್ಳುವುದಿಲ್ಲವೆಂದು ಉಚ್ಚಾರಣೆಯ ಪಂಡಿತ ಹಿಗ್ಗಿನ್ಸ್ ಬಳಿಗೆ ಬರುತ್ತಾಳೆ. ಚಾಪ್ಲಿನ್‌ನ ಹುಡುಗಿಗೆ ಅದೇ ಅಂಗಡಿ ಸಿಕ್ಕಿತು. ಲಂಡನ್ನಿನಲ್ಲಿ ‘ಸಿಟಿ ಲೈಟ್ಸ್’ ಮೊದಲು ತೆರೆಕಂಡದ್ದು 1931ರ ಫೆಬ್ರುವರಿಯಲ್ಲಿ, ಡೊಮಿನಿಯನ್ ಥಿಯೇಟರಿನಲ್ಲಿ. ಆ ಸಂಜೆ ಚಾಪ್ಲಿನ್ ಜೊತೆ ಬರ್ನಾರ್ಡ್ ಷಾ ಇದ್ದ. ಡೊಮಿನಿಯನ್ ಇರುವುದು ಅದೇ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯಲ್ಲಿ! ಕಥೆಗಾರನೊಬ್ಬ ಬರೆದಿದ್ದರೆ ಅತಿಯಾಯಿತೆಂದು ನಾನೇ ಕತ್ತರಿಸಿಬಿಡುತ್ತಿದ್ದೆ.

ವ್ಯತ್ಯಾಸ ಇರುವುದು ಗಂಡಸಿನಲ್ಲಿ. ಹಿಗ್ಗಿನ್ಸ್ ತನ್ನ ಕೈಚಳಕಕ್ಕೆ ಚಪ್ಪಾಳೆ ಬೇಡುತ್ತಾನೆ. ದೊಡ್ಡ ಮನೆತನದವರನ್ನೇ ನಂಬಿಸಿಬಿಟ್ಟೆ ಎಂಬ ಹಿಗ್ಗಿನಲ್ಲಿ ಹುಡುಗಿ ಎದುರಿಗಿರುವುದನ್ನೂ ಮರೆಯುತ್ತಾನೆ. ಅಲೆಮಾರಿಗೆ ತಾನು ಮಾಡಿದ್ದು ಯಾರಿಗೂ ತಿಳಿಯಬಾರದು. ಕೊನೆಯಲ್ಲಿ ಅವಳು ಬಾಗಿಲಿಗೆ ಬಂದಾಗ ಅವನು ಮಾಡುವ ಮೊದಲ ಕೆಲಸವೇ ಅಲ್ಲಿಂದ ಜಾರಿಕೊಳ್ಳಲು ನೋಡುವುದು. ಉಪಕಾರ ಮಾಡಿದವನು ಎದುರಿಗೆ ನಿಂತರೆ ಉಪಕಾರ ಪಡೆದವಳ ಬೆನ್ನು ಬಾಗುತ್ತದೆ ಎಂಬುದು ಹಿಗ್ಗಿನ್ಸ್‌ನಂಥ ಪಂಡಿತನಿಗೆ ಹೊಳೆಯಲಿಲ್ಲ, ಈ ಅಲೆಮಾರಿಗೆ ಹೊಳೆಯಿತು. ಎಲೈಜಾ ಹಿಗ್ಗಿನ್ಸ್‌ನನ್ನು ಮದುವೆಯಾಗುವುದಿಲ್ಲ ಎಂದು ಷಾ ನಾಟಕಕ್ಕೆ ಒಂದು ಉದ್ದದ ಟಿಪ್ಪಣಿಯನ್ನೇ ಸೇರಿಸಿ ವಾದಿಸಿದ. ಅದರಲ್ಲಿ ಅವಳು ಬೇರೊಬ್ಬನನ್ನು ಮದುವೆಯಾಗಿ ಹೂವಿನ ಅಂಗಡಿ ಇಡುತ್ತಾಳೆ. ಸಿನಿಮಾದವರು ಕೇಳಬೇಕಲ್ಲ. ಅದೇ ಕಥೆಯ 1964ರ ‘ಮೈ ಫೇರ್ ಲೇಡಿ’ಯಲ್ಲಿ ಅವಳನ್ನು ಹಿಗ್ಗಿನ್ಸ್ ಮನೆಗೇ ಹಿಂದಿರುಗಿಸಿದರು.

ಕೊನೆಯ ದೃಶ್ಯದಲ್ಲಿ ಕಂಟಿನ್ಯುಟಿ, ಅಂದರೆ ಶಾಟ್‌ನಿಂದ ಶಾಟ್‌ಗೆ ಇರಬೇಕಾದ ಹೊಂದಿಕೆ, ತಪ್ಪಿದೆ. ನಿಮಗೆ ಕಾಣಲಿಲ್ಲವೇ? (ಕಿರುಚಿತ್ರ ಮಾಡುವ ಹುಡುಗ)

ಕಂಡಿದೆಯಪ್ಪಾ. ಅವನ ಮುಖ ಕಾಣುವ ಶಾಟ್‌ನಲ್ಲಿ ಹೂವು ಹಿಡಿದ ಕೈ ಬಾಯಿಯ ಹತ್ತಿರವಿದೆ. ಅವನ ಭುಜದ ಹಿಂದಿನಿಂದ ಅವಳನ್ನು ತೋರಿಸುವ ಶಾಟ್‌ನಲ್ಲಿ ಆ ಕೈ ಅದೇ ಜಾಗದಲ್ಲಿಲ್ಲ. ನನ್ನ ಸಹಾಯಕ ಇಂಥ ಜೋಡಣೆ ತಂದಿದ್ದರೆ ಹಿಂದಕ್ಕೆ ಕಳಿಸುತ್ತಿದ್ದೆ.

ಆದರೆ ಚಾಪ್ಲಿನ್ ಎಲ್ಲಿ ಕತ್ತರಿಸಿದ್ದಾನೆ ನೋಡು. ಕೈ ಹೊಂದುವ ಜಾಗ ಹುಡುಕಿ ಕತ್ತರಿಸಿಲ್ಲ. ಅವಳ ಮುಖದಲ್ಲಿ ಒಂದು ಭಾವ ಪೂರ್ತಿಯಾದ ಕೂಡಲೇ ಅವನ ಮುಖಕ್ಕೆ, ಅವನ ಮುಖದಲ್ಲಿ ಉತ್ತರ ಮೂಡಿದ ಕೂಡಲೇ ಅವಳ ಮುಖಕ್ಕೆ. ಎರಡು ಮುಖಗಳ ಅತ್ಯುತ್ತಮ ಟೇಕ್‌ಗಳನ್ನು ಆರಿಸಿಕೊಂಡ, ಕೈ ಏನಾದರೂ ಆಗಲಿ ಎಂದುಬಿಟ್ಟ. ಮೊದಲ ಸಲ ನೋಡುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಎರಡನೆಯ ಸಲ ನೋಡಿದಾಗ ಹೂವಿನ ಮೇಲೆಯೇ ನಿನ್ನ ಕಣ್ಣು ನಿಂತಿತಾದರೆ ನಿನಗೆ ಸಂಕಲನದ ಕೆಲಸ ಒಗ್ಗಬಹುದು, ಬಂದು ಕಾಣು.

ಕೊನೆಗೆ ಅವರಿಬ್ಬರೂ ಒಂದಾದರೇ? ನಮ್ಮ ಮನೆಯಲ್ಲಿ ಜಗಳವೇ ಆಯಿತು. (ನಿವೃತ್ತ ಅಂಚೆ ನೌಕರ)

ಚಿತ್ರ ಅಷ್ಟು ದೂರ ಹೋಗುವುದಿಲ್ಲ. ‘ನೀವೇ?’ ಎಂದು ಅವಳು ಕೇಳುತ್ತಾಳೆ, ಅವನು ತಲೆಯಾಡಿಸುತ್ತಾನೆ. ‘ಈಗ ಕಾಣುತ್ತದೆಯೇ?’ ಎಂದು ಅವನು ಕೇಳುತ್ತಾನೆ, ‘ಹೌದು, ಈಗ ಕಾಣುತ್ತದೆ’ ಎನ್ನುತ್ತಾಳೆ. ಅವನ ಮುಖದ ಮೇಲೆ ಕತ್ತಲೆ ಕವಿದು ಮುಗಿಯುತ್ತದೆ. ಆ ಮುಖದಲ್ಲಿ ಸಂತೋಷವೂ ಇದೆ, ಸಿಕ್ಕಿಬಿದ್ದವನ ನಾಚಿಕೆಯೂ ಇದೆ, ಭಯವೂ ಇದೆ. ಅಮೆರಿಕದ ವಿಮರ್ಶಕ ಜೇಮ್ಸ್ ಏಜಿ 1949ರ ಲೇಖನವೊಂದರಲ್ಲಿ ಈ ಅಭಿನಯವನ್ನು ಸಿನಿಮಾದ ಅತ್ಯುನ್ನತ ಕ್ಷಣವೆಂದು ಹೊಗಳಿದ್ದ.

ನನ್ನನ್ನು ಕೇಳಿದರೆ, ಒಂದಾಗಲಿಲ್ಲ. ಅಂಗಡಿಗೆ ರೇಷ್ಮೆ ಟೋಪಿಯ ಯುವಕನೊಬ್ಬ ಹೂ ಕೊಳ್ಳಲು ಬಂದಾಗ, ತನ್ನ ಉಪಕಾರಿ ಇವನೇ ಇರಬಹುದೇ ಎಂದು ಅವಳ ಮುಖ ಅರಳಿದ್ದು ನೆನಪಿದೆಯೇ? ಅಂಥವನಿಗಾಗಿ ಕಾದಿದ್ದಳು. ಬಂದವನು ಬೇರೆ. ಅವಳು ಅವನಿಗೆ ಊಟ ಹಾಕಿರುತ್ತಾಳೆ, ಬಟ್ಟೆ ಕೊಡಿಸಿರುತ್ತಾಳೆ, ಇರು ಎಂದೂ ಹೇಳಿರುತ್ತಾಳೆ. ಅವನು ಒಂದು ಬೆಳಿಗ್ಗೆ ಹೇಳದೆ ಎದ್ದು ಹೋಗಿರುತ್ತಾನೆ. ಇದು ನನ್ನ ಊಹೆ. ನಿಮ್ಮ ಮನೆಯ ಜಗಳ ಇದರಿಂದ ನಿಲ್ಲಬೇಕಾಗಿಲ್ಲ.

ನನ್ನ ಮಗ ಇದನ್ನು ‘ಅಳುಮುಂಜಿ ಚಿತ್ರ’ ಎನ್ನುತ್ತಾನೆ. ಏನು ಉತ್ತರ ಹೇಳಲಿ?

ಹಣ ಕೊಡುವ ದೃಶ್ಯವನ್ನು ಅವನಿಗೆ ಮತ್ತೊಮ್ಮೆ ತೋರಿಸಿ. ಅಲೆಮಾರಿ ನೋಟುಗಳ ಕಂತೆಯನ್ನು ಹುಡುಗಿಯ ಕೈಗೆ ಇಡುತ್ತಾನೆ, ಬಾಡಿಗೆಗೆ ಇಷ್ಟು, ಕಣ್ಣಿಗೆ ಇಷ್ಟು ಎಂದು. ಒಂದು ನೋಟನ್ನು ಮಾತ್ರ ಮೆಲ್ಲನೆ ತನ್ನ ಜೇಬಿಗೆ ಇಳಿಸುತ್ತಾನೆ, ಅವನೂ ಹಸಿದವನಲ್ಲವೇ. ಹುಡುಗಿ ಅವನ ಕೈಗೆ ಮುತ್ತಿಡುತ್ತಾಳೆ. ಅವನು ಒಂದು ಕ್ಷಣ ಒದ್ದಾಡಿ, ಜೇಬಿನಲ್ಲಿದ್ದ ನೋಟನ್ನೂ ತೆಗೆದು ಕೊಟ್ಟುಬಿಡುತ್ತಾನೆ. ಬರೀ ಅಳಿಸುವವನಾಗಿದ್ದರೆ ಮೊದಲೇ ಎಲ್ಲವನ್ನೂ ಕೊಡಿಸುತ್ತಿದ್ದ. ಆ ಸಣ್ಣ ಕಳ್ಳತನ ಇರುವುದರಿಂದಲೇ ನಾವು ಅವನನ್ನು ನಂಬುತ್ತೇವೆ.

ಇಡೀ ಚಿತ್ರದ ಲಯವೇ ಹೀಗೆ. ಕಣ್ಣು ಒದ್ದೆಯಾಗುವ ಹೊತ್ತಿಗೆ ಸರಿಯಾಗಿ ಒಂದು ಕುಚೋದ್ಯ. ಹುಡುಗಿ ಪ್ರೀತಿಯಿಂದ ಉಣ್ಣೆಯ ಉಂಡೆ ಸುತ್ತುತ್ತಾಳೆ. ಅವಳ ಕೈಗೆ ಸಿಕ್ಕಿರುವುದು ಅವನ ಒಳ ಅಂಗಿಯ ದಾರ. ಅವನು ತಡೆಯದೆ ಕೂತು ಮೈಮೇಲಿನ ಅಂಗಿ ಸಾಲುಸಾಲಾಗಿ ಬಿಚ್ಚಿಹೋಗುವುದನ್ನು ಸಹಿಸಿಕೊಳ್ಳುತ್ತಾನೆ. ಬೆಲ್ಲದ ಪಾಕಕ್ಕೆ ಎಳೆ ಬಂದದ್ದನ್ನು ನೋಡಿ ಒಲೆಯಿಂದ ಇಳಿಸುವವರ ಹಾಗೆ, ಚಾಪ್ಲಿನ್‌ಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತು. ಲಂಡನ್ನಿನ ಬಡ ಕೇರಿಯಲ್ಲಿ ಬೆಳೆದು, ಎಳೆಯ ವಯಸ್ಸಿನಲ್ಲೇ ಬಡವರ ದುಡಿಮೆಮನೆ ಸೇರಿದ್ದ ಮನುಷ್ಯ ಅವನು. ಬಡತನವನ್ನು ಕುರಿತು ಅಳುವುದಕ್ಕೆ ಅವನಿಗೆ ಬೇರೆಯವರ ಪಾಠ ಬೇಕಿರಲಿಲ್ಲ, ನಗುವುದನ್ನು ಸ್ವತಃ ಕಲಿತ.

1931ರಲ್ಲಿ ಎಲ್ಲರೂ ಟಾಕಿ ಮಾಡುತ್ತಿದ್ದಾಗ ಇವನೊಬ್ಬ ಮೂಕಿ ಮಾಡಿದ್ದು ಹಟವೇ?

ಹಟವೂ ಹೌದು, ಲೆಕ್ಕಾಚಾರವೂ ಹೌದು. ಹಾಲಿವುಡ್ 1927ರಿಂದಲೇ ಮಾತಿಗೆ ತಿರುಗಿತ್ತು. ಅಲೆಮಾರಿ ಬಾಯಿ ತೆರೆದರೆ ಅವನೊಬ್ಬ ಇಂಗ್ಲಿಷಿನವನಾಗಿಬಿಡುತ್ತಾನೆ. ಮಾತಿಲ್ಲದಿದ್ದರೆ ಎಲ್ಲ ದೇಶದವನು. ಆದರೆ ಚಿತ್ರ ಪೂರ್ತಿ ನಿಶ್ಶಬ್ದವಲ್ಲ. ಹಿನ್ನೆಲೆ ಸಂಗೀತವನ್ನು ಚಾಪ್ಲಿನ್ ತಾನೇ ರಚಿಸಿ ಧ್ವನಿಮುದ್ರಿಸಿದ. ಹೂವಿನ ಹುಡುಗಿಯ ರಾಗ ಮಾತ್ರ ಸ್ಪೇನಿನ ಸಂಗೀತ ರಚನೆಕಾರ ಹೊಸೆ ಪದಿಯಾನದು, ಅದಕ್ಕಾಗಿ ಪದಿಯಾ ಕೋರ್ಟಿಗೆ ಹೋಗಿ ಗೆದ್ದ. ಮೊದಲ ದೃಶ್ಯದಲ್ಲಿ ಪ್ರತಿಮೆ ಅನಾವರಣ ಮಾಡುವ ಗಣ್ಯರು ಭಾಷಣ ಬಿಗಿಯುವಾಗ ಬಾಯಿಂದ ಬರುವುದು ಪೀಪಿಯ ಕೀರಲು ಸದ್ದು. ಮಾತಿನ ಚಿತ್ರಗಳಿಗೆ ಚಾಪ್ಲಿನ್ ಕೊಟ್ಟ ಮರ್ಯಾದೆ ಅಷ್ಟು.

ಲಾಸ್ ಏಂಜಲೀಸಿನಲ್ಲಿ ಚಿತ್ರದ ಮೊದಲ ಪ್ರದರ್ಶನ 1931ರ ಜನವರಿ 30ರಂದು. ಹೊಸ ಚಿತ್ರಮಂದಿರದ ಅಂದ ತೋರಿಸಲೆಂದು ಮಾಲೀಕರು ನಡುವೆ ಚಿತ್ರ ನಿಲ್ಲಿಸಿ ದೀಪ ಹಾಕಿಸಿದರು. ಚಾಪ್ಲಿನ್ ಕೆರಳಿ ಕೆಂಡವಾದ. ಅತಿಥಿಯಾಗಿ ಬಂದಿದ್ದ ಐನ್‌ಸ್ಟೈನ್ ಕೊನೆಯಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಂಡೆ ಎಂದು ಚಾಪ್ಲಿನ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದಾಗಿ ಎರಡು ತಿಂಗಳೊಳಗೆ, ಮಾರ್ಚ್ 14ರಂದು, ಮುಂಬಯಿಯಲ್ಲಿ ನಮ್ಮ ದೇಶದ ಮೊದಲ ಟಾಕಿ ‘ಆಲಂ ಆರಾ’ ಬಂತು. ನಾವು ಮಾತು ಕಲಿತ ವರ್ಷವೇ ಅವನು ಮಾತು ಬೇಡವೆಂದ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬರಲು 1934 ಬೇಕಾಯಿತು.

ಈ ಚಿತ್ರಕ್ಕೆ ಎಷ್ಟು ಆಸ್ಕರ್ ಬಂತು?

ಒಂದೂ ಇಲ್ಲ. ನಾಮನಿರ್ದೇಶನವೂ ಆಗಲಿಲ್ಲ.

ನನ್ನ ತಾಯಿಗೆ ಇಂಗ್ಲಿಷ್ ಬಾರದು, ವಯಸ್ಸು ಎಂಬತ್ತು ದಾಟಿದೆ. ಅವರಿಗೆ ತೋರಿಸಬಹುದೇ?

ಧಾರಾಳವಾಗಿ ತೋರಿಸಿ. ಅಕ್ಷರದ ಕಾರ್ಡುಗಳು ಕಡಿಮೆ. ಎರಡನ್ನು ಮಾತ್ರ ಓದಿ ಹೇಳಲೇಬೇಕು: ಬಾಡಿಗೆ 22 ಡಾಲರ್ ಕಟ್ಟದಿದ್ದರೆ ಮನೆ ಖಾಲಿ ಮಾಡಿ ಎನ್ನುವ ನೋಟೀಸು, ವಿಯೆನ್ನಾ ವೈದ್ಯನ ಸುದ್ದಿ. ಇವು ತಿಳಿಯದಿದ್ದರೆ ಅಷ್ಟು ಪುಕ್ಕಲ ಮನುಷ್ಯ ಬಾಕ್ಸಿಂಗ್ ಕಣಕ್ಕೆ ಯಾಕೆ ಇಳಿದ ಎಂದು ಗೊತ್ತಾಗುವುದಿಲ್ಲ. ಮಿಕ್ಕದ್ದನ್ನು ಅವರೇ ನಿಮಗಿಂತ ಬೇಗ ಹಿಡಿಯುತ್ತಾರೆ. ಕೊನೆಯ ದೃಶ್ಯದಲ್ಲಿ ನೀವು ಮಾತಾಡಬೇಡಿ; ಕೇಳಿದರೆ ಮಾತ್ರ ಹೇಳಿ.

ಸಂಗೀತ ಬದಲಿಸಿ, ವೇಗ ಹೆಚ್ಚಿಸಿ ಹಾಕಿದ ತುಂಡುಗಳನ್ನು ತೋರಿಸಬೇಡಿ. ಚಾಪ್ಲಿನ್‌ನದೇ ಸಂಗೀತವಿರುವ ಪೂರ್ತಿ ಪ್ರತಿ 87 ನಿಮಿಷದ್ದು. ಬಾಕ್ಸಿಂಗ್ ಭಾಗ ಬಂದಾಗ ಮೊಬೈಲ್ ಆಚೆ ಇಡಿ. ರೆಫ್ರಿಯ ಬೆನ್ನಿಗೆ ಅಂಟಿಕೊಂಡು ಅವನು ಹಾಕುವ ಹೆಜ್ಜೆ ತಪ್ಪಿಸಿಕೊಂಡರೆ ತಾಯಿ ಯಾಕೆ ನಗುತ್ತಿದ್ದಾರೆಂದು ನೀವೇ ಅವರನ್ನು ಕೇಳಬೇಕಾಗುತ್ತದೆ.